ಓದದೆ ಬಿಟ್ಟ ಮೆಸೇಜುಗಳು

ನಮ್ಮ ಹಿಸ್ಟರಿ ಮೇಡಂ ಅವರ ಪಾದಗಳು ಸದಾ ಊದಿಕೊಂಡಿರುತ್ತಿದ್ದವು. ಬಿಳಿಗೆರೆಯಿಂದ ತಿಪಟೂರಿಗೆ ಬಸ್ಸಿನಲ್ಲಿ ನಿಂತೇ ಬಂದು, ಕ್ಲಾಸಿಗೆ ಕಾಲಿಟ್ಟೊಡನೆ ಮೇಜಿನಡಿ ಚಪ್ಪಲಿ ಬಿಟ್ಟು ಕೂತುಬಿಡುತ್ತಿದ್ದರು. ಪಾಣಿಪತ್ ಕದನಗಳನ್ನೆಲ್ಲ ಕೂತಲ್ಲೇ ಮುಗಿಸುತ್ತಿದ್ದರು. ನಾವು ಗಲಾಟೆ ಮಾಡಿದರೆ, “ನಂಗೆ ಬಯ್ಯೋಕೂ ಶಕ್ತಿ ಇಲ್ಲ ಕಣ್ರಮ್ಮ, ನೀವೇ ಸುಮ್ಮನಾಗಿ” ಅನ್ನುತ್ತಿದ್ದರು. ನಾವು ಸುಮ್ಮನಾಗುತ್ತಿದ್ದೆವು.

ಮೊಬೈಲ್ ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ನಮ್ಮ ಪಿಯು ಕಾಲೇಜಿನಲ್ಲಿ ಅದಕ್ಕೆ ನಿಷೇಧ. ಆದರೂ ನನ್ನ ಬ್ಯಾಗಿನಲ್ಲೊಂದು ಹಳೇ ಫೋನಿತ್ತು. ಹಂದನಕೆರೆಗೆ ಮದುವೆಯಾಗಿ ಹೋಗಿದ್ದ ಅಕ್ಕ ಕದ್ದುಮುಚ್ಚಿ ಅದಕ್ಕೇ ಮೆಸೇಜು ಕಳಿಸುತ್ತಿದ್ದಳು. ಭಾವ ಹೊಡೆಯುತ್ತಿದ್ದ. ಸಂತೆಯ ದಿನ ಮನೆ ಬಿಟ್ಟು ಬಂದುಬಿಡುತ್ತೇನೆಂದು ಬರೆದಿದ್ದಳು. ಅಪ್ಪನಿಗೆ ತಿಳಿದರೆ ಅಷ್ಟೇ ಕಥೆ. ಹಿಂದೊಮ್ಮೆ ಓಡಿಬಂದವಳನ್ನು ಅವರೇ ಕರೆದುಕೊಂಡು ಹೋಗಿ ಗಂಡನ ಮನೆಗೆ ಬಿಟ್ಟುಬಂದಿದ್ದರು.

ಬ್ಯಾಗು ತಪಾಸಣೆಯಲ್ಲಿ ಸಿಕ್ಕಿಬಿದ್ದೆ. ಪ್ರಿನ್ಸಿಪಾಲರು ಹೊನ್ನವಳ್ಳಿಯಿಂದ ಅಪ್ಪನನ್ನು ಕರೆಸಿದರು. ಮೆಸೇಜುಗಳನ್ನು ಅಪ್ಪನೆದುರೇ ಜೋರಾಗಿ ಓದಿ ಎಂದು, ನಮ್ಮ ಕ್ಲಾಸ್ ಟೀಚರೂ ಆಗಿದ್ದ ಮೇಡಂ ಕೈಗೆ ಫೋನು ಕೊಟ್ಟರು. ಯಾವನೋ ಹುಡುಗನ ಹೆಸರು ಸಿಗುತ್ತದೆಂದು ಅವರ ಲೆಕ್ಕಾಚಾರ. ಮೇಡಂ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಫೋನಿನ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಕಳಚಿದರು.

“ತಂದಿದ್ದು ತಪ್ಪು ಸಾರ್, ದಂಡ ಹಾಕಿ. ಒಳಗಿರೋದು ಅವಳ್ದು. ನಾನು ಓದಲ್ಲ, ಓದೋಕೂ ಬಿಡಲ್ಲ.”

ಓದೋ ಮಕ್ಕಳಿಗೆಂಥ ಗುಟ್ಟು ಎಂದು ಪ್ರಿನ್ಸಿಪಾಲರು ಕೂಗಾಡಿದರು. ಮೇಡಂ ವಾದಕ್ಕಿಳಿಯಲಿಲ್ಲ. ಬ್ಯಾಟರಿಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕುರ್ಚಿಯಲ್ಲಿ ಕೂತೇ ಇದ್ದರು. ಕೊನೆಗೆ ಸಾಕಾಗಿದ್ದು ಪ್ರಿನ್ಸಿಪಾಲರಿಗೆ. ಫೋನು ಪರೀಕ್ಷೆ ಮುಗಿಯುವವರೆಗೂ ಆಫೀಸಿನ ಬೀರುವಿನಲ್ಲಿತ್ತು. ಮೇಡಂಗೆ ಆ ವರ್ಷವೆಲ್ಲ ಮಹಡಿ ಮೇಲಿನ ಕ್ಲಾಸುಗಳೇ ಬಿದ್ದವು. ಕಂಬಿ ಹಿಡಿದು ನಿಂತು ನಿಂತು ಹತ್ತುತ್ತಿದ್ದರು. ನೋಡಿ ನನಗೆ ಸಂಕಟವಾಗುತ್ತಿತ್ತು.

ಸಂತೆಯ ದಿನ ಅಕ್ಕ ಹೊರಟೇಬಿಟ್ಟಳು. ತುರುವೇಕೆರೆಯ ಸೋದರತ್ತೆಯ ಮನೆ ಸೇರಿ, ಹೊಲಿಗೆ ಕಲಿತು, ತನ್ನ ಕಾಲ ಮೇಲೆ ನಿಂತಳು. ಇದನ್ನು ಹೇಳೋಣವೆಂದು ನಾನೊಮ್ಮೆ ಸ್ಟಾಫ್ ರೂಮಿಗೆ ಹೋದೆ. ಬಾಯಿ ತೆರೆಯುವ ಮೊದಲೇ ಮೇಡಂ ಕೈ ಅಡ್ಡ ಮಾಡಿದರು.

“ಹೇಳ್ಬೇಡ ಬುಡಮ್ಮ. ಹೇಳಿದ್ರೆ ನಾನೂ ಓದಿದಂಗೇ ಆಯ್ತದೆ.”

ಹೋದ ವರ್ಷ ಅವರು ತೀರಿಕೊಂಡರು. ಅಕ್ಕನನ್ನೂ ಕರೆದುಕೊಂಡು ಬಿಳಿಗೆರೆಗೆ ಹೋದೆ. ಅಕ್ಕ ಅವರ ಮುಖ ಕಂಡದ್ದು ಅದೇ ಮೊದಲು. ಶವದ ಪಕ್ಕದಿಂದ ಏಳದೆ ಅಳುತ್ತಿದ್ದವಳನ್ನು ಕಂಡು ಮೇಡಂ ಮಗಳು, ಅಮ್ಮನಿಗೆ ನೀವು ಹೇಗೆ ಪರಿಚಯ ಎಂದು ಕೇಳಿದಳು.

“ಅವರಿಗೆ ನಾನು ಗೊತ್ತೇ ಇರ್ಲಿಲ್ಲ ಕಣಮ್ಮ” ಅಂದಳು ಅಕ್ಕ. “ಅದಕ್ಕೇ ಬದುಕಿದೀನಿ.”