ನೀವ ಹೇಳ್ರಿ, ಇಲ್ಲ ನೀವ ಹೇಳ್ರಿ

"ಬೀಗ್ರು ಬರ್ಲಿ, ಒಂಚೂರು ತಡೀರಿ ಮೇಡಮ್," ಎಂದಳು ನನ್ನ ಅಕ್ಕ.

ಡಾಕ್ಟರು ಆಗಲೇ ಎರಡು ಸಲ ಬಿಡಿಸಿ ಹೇಳಿದ್ದರು. ಹೊಟ್ಟೆಯಲ್ಲಿರುವ ಕೂಸಿನ ಎದೆಬಡಿತ ಇಳಿಯುತ್ತಿದೆ, ಸಿಸೇರಿಯನ್ ಈಗಲೇ ಆಗಬೇಕು, ತಡವಾದಷ್ಟೂ ಕೂಸಿನ ಮಿದುಳಿಗೆ ಆಕ್ಸಿಜನ್ ಕಡಿಮೆ. ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ಆದರೂ ಬೀಗರು ಬರಬೇಕಿತ್ತು!

ಇದು ಮೂರು ತಿಂಗಳ ಹಿಂದಿನ ಮಾತು. ಅಕ್ಕನ ಮಗಳು ಗೀತಾಳನ್ನು ಕಂಪ್ಲಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆಂದು ತವರಿಗೆ, ಸಂಡೂರು ಕಡೆಯ ವಡ್ಡು ಎಂಬ ಹಳ್ಳಿಗೆ ಬಂದಿದ್ದಳು. ಬೆಳಿಗ್ಗೆ ನೋವು ಶುರುವಾದದ್ದೇ ಅಕ್ಕ, ಭಾವ ಕಾರು ಮಾಡಿಕೊಂಡು ಹೊಸಪೇಟೆಯ ಒಂದು ನರ್ಸಿಂಗ್ ಹೋಮ್‌ಗೆ ಕರೆತಂದರು. ನಾನಿರುವುದು ಇದೇ ಊರಲ್ಲಿ. ಒಲೆ ಆರಿಸಿ ಓಡಿದೆ.

(ಆ ರಸ್ತೆ ತುಂಬ ಓಡಾಡುವ ಅದಿರು ಲಾರಿಗಳನ್ನು ಬೈಯಬೇಕೆಂದು ನನಗೂ ಆಸೆಯಿತ್ತು. ಆದರೆ ಅವತ್ತು ಅವು, ಪಾಪ, ದಾರಿ ಬಿಟ್ಟಿದ್ದವು. ತಡ ಮಾಡಿದ್ದು ನಾವು.)

ನಮ್ಮ ಕಡೆಯ ರಿವಾಜು ನಿಮಗೆ ಗೊತ್ತೇ ಇದೆ. ಹೆರಿಗೆಯ ಜವಾಬ್ದಾರಿ ತವರಿನದು. ಆದರೆ ಸೊಸೆ ಅವರ ಮನೆಯವಳು, ಕೂಸು ಅವರ ವಂಶದ್ದು. ಅವರನ್ನು ಕೇಳದೆ ಆಪರೇಷನ್ನಿಗೆ ಹ್ಞೂಂ ಅಂದರೆ, "ಒಂದ್ ಮಾತು ಕೇಳ್ದ ಹೊಟ್ಟಿ ಕೊಯ್ಸಿದ್ರು" ಅನ್ನುವ ಆಕ್ಷೇಪ ವರ್ಷಗಟ್ಟಲೆ ಬೆನ್ನು ಹತ್ತುತ್ತದೆ. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಎದ್ದು ಬರುತ್ತದೆ. ಅಕ್ಕ ಹೆದರಿದ್ದು ಆ ಒಂದು ಮಾತಿಗೆ.

ಭಾವ ಕಂಪ್ಲಿಗೆ ಫೋನ್ ಮಾಡಿದರು. "ಅಪ್ಪಾಜಿ ಜೋಡಿ ಹೊಂಟೀವಿ, ಬಂದು ಮಾತಾಡ್ತೀವ್ರಿ," ಅಂದ ಅಳಿಯ. ರೈಸ್ ಮಿಲ್ ನಡೆಸುವ ಬೀಗರು ಅವನಿಂದ ಫೋನ್ ಇಸಿದುಕೊಂಡು, ಇನ್ನೂ ವಿನಯದಿಂದ, "ನೀವು ಹಿರೇರು ಅದೀರಿ, ನೀವು ಹೆಂಗಂತೀರಿ ಹಂಗ," ಅಂದರು. ಭಾವ ಬಿಡುತ್ತಾರಾ? "ಛೇ ಛೇ, ನೀವು ಬರ್ರಿ. ನೀವು ಹೇಳಿದ ಮ್ಯಾಲೆ ಆತು!"

"ಇದೇನು ಮದುವಿ ಮಾತುಕತಿ ಏನ್ ಭಾವ? ಹ್ಞೂಂ ಅಂದುಬಿಡ್ರಿ!" ಎಂದು ಕೂಗಿದೆ.

"ನೀ ಸುಮ್ಕಿರವಾ. ನಿನಗ ತಿಳಿಯಂಗಿಲ್ಲ," ಎಂದರು ಭಾವ.

ಡಾಕ್ಟರು ಮತ್ತೆ ಬಂದರು. ಆಕೆಯ ಮುಖದಲ್ಲೂ ಭಯವಿತ್ತು. ನಾಳೆ ಎರಡು ಮನೆಯವರೂ ಸೇರಿ ಆಸ್ಪತ್ರೆಯ ಗಾಜು ಒಡೆದರೆ? ಅಂಥದ್ದನ್ನೆಲ್ಲ ಕಂಡವರೇ ಇರಬೇಕು. ಆಪರೇಷನ್ ಥಿಯೇಟರ್ ಸಿದ್ಧವಿತ್ತು, ಆಕೆಯೂ ಕಾದರು.

ಕೊನೆಗೂ ಬೀಗರು, ಬೀಗಿತಿ, ಅವರ ಹಿಂದೆ ಅಳಿಯ ಬಂದರು. ಬೀಗರ ಎದುರು ಬರಿಗೈಯಲ್ಲಿ ಬರಬಾರದೆಂದು ಮಾರ್ಕೆಟ್ ಹತ್ತಿರ ಕಾರು ನಿಲ್ಲಿಸಿ, ಹೂವು ಹಣ್ಣು ಕೊಂಡು ಬಂದರು! ಬೀಗಿತಿ ನನ್ನ ಕೈಗೆ ಮೋಸಂಬಿ ಚೀಲ ಕೊಟ್ಟರು. ಹಲ್ಲು ಕಚ್ಚಿ ತೆಗೆದುಕೊಂಡೆ.

"ಕುಂದ್ರಿ, ಬಿಸಲಾಗ ಬಂದೀರಿ," ಎಂದರು ಭಾವ.

"ಚೊಚ್ಚಲ ಹೆರಿಗಿ ತವರುಮನಿದು. ನಾವೇನ್ ಹೇಳೋದ್ರಿ? ನೀವ ಹೇಳ್ರಿ," ಎಂದರು ಬೀಗರು.

"ಹಂಗಲ್ರೀ, ಹುಡುಗಿ ಈಗ ನಿಮ್ಮಾಕಿ. ನೀವ ಹೇಳ್ರಿ."

ಇಬ್ಬರೂ ಒಳ್ಳೆಯವರು. ನನ್ನ ಹೊಟ್ಟೆ ಉರಿಸುವುದೇ ಅದು. ಒಬ್ಬರಾದರೂ ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು. ಇವರು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟು ಒಳಗಿನ ಕೂಸಿನ ಉಸಿರು ಕಟ್ಟಿಸುತ್ತಿದ್ದರು.

ಅಷ್ಟರಲ್ಲಿ ಹೆರಿಗೆ ಕೋಣೆಯ ಅರೆತೆರೆದ ಬಾಗಿಲಿನಿಂದ ಕೂಗು ಬಂತು. ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತ ನೋವು ತಿನ್ನುತ್ತಿದ್ದ ಗೀತಾ.

"ಮೇಡಮ್, ಹೊಟ್ಟಿ ನಂದೈತಿ! ನಾ ಹ್ಞೂಂ ಅಂತೀನಿ. ಕೊಯ್ರಿ ಜಲ್ದಿ!"

ಡಾಕ್ಟರು ತಿರುಗಿ ಓಡಿದರು. (ವಯಸ್ಸಿಗೆ ಬಂದ ಹೆಂಗಸು ತಾನೇ ಒಪ್ಪಿದರೆ ಸಾಕು. ಕಾನೂನು ಹೇಳುವುದೂ ಅದನ್ನೇ. ಆದರೆ ಕಾರಿಡಾರಿನಲ್ಲಿ ನಡೆಯುವುದು ಬೀಗರ ಕಾನೂನು. ನಿಮ್ಮ ಮನೆಯಲ್ಲಿ ಬೇರೆ ಥರ ಅಂತೀರಾ?)

ಹೆಣ್ಣು ಕೂಸು ಹುಟ್ಟಿತು. ಅಳಲಿಲ್ಲ.

ನೀಲಿಗಟ್ಟಿದ ಮೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಕ್ಕಳ ಐಸಿಯುಗೆ ಒಯ್ದರು. ಮರುದಿನ ಫಿಟ್ಸ್ ಬಂತು. ಗಾಜಿನಾಚೆ ಅದರ ಪುಟ್ಟ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತಿದ್ದೆವು. ನನಗೆ ಜೀವಮಾನದಲ್ಲಿ ಅಷ್ಟು ಹೆದರಿಕೆ ಆದದ್ದಿಲ್ಲ.

ಕೂಸು ಬದುಕಿತು, ಮನೆಗೂ ಬಂತು. ಆದರೆ ಮಕ್ಕಳ ಡಾಕ್ಟರು ಧೈರ್ಯದ ಮಾತು ಹೇಳುತ್ತಿಲ್ಲ. ಆಕ್ಸಿಜನ್ ಸಾಲದ ಆ ಹೊತ್ತು ಮಿದುಳಿಗೆ ಏನು ಮಾಡಿದೆಯೋ ಈಗಲೇ ಗೊತ್ತಾಗುವುದಿಲ್ಲವಂತೆ. ಕತ್ತು ನಿಲ್ಲುತ್ತದಾ, ಕೂರುತ್ತದಾ, ಮಾತು ಬರುತ್ತದಾ, ಎಲ್ಲವನ್ನೂ ಕಾದೇ ನೋಡಬೇಕು. ಈಗ ಇಡೀ ಮನೆ ಆ ಕತ್ತನ್ನೇ ನೋಡುತ್ತ ಕೂತಿದೆ.

ಕಂಪ್ಲಿಯವರು ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಎರಡು ಮನೆಗಳ ನಡುವೆ ಒಂದೇ ಒಂದು ಕೆಟ್ಟ ಮಾತು ಬಂದಿಲ್ಲ. ಸಂಬಂಧ ಉಳಿಯಿತಲ್ಲ, ಸಂತೋಷ!

ಮೊನ್ನೆ ಭಾನುವಾರ ವಡ್ಡುಗೆ ಹೋಗಿದ್ದೆ. ಕೂಸಿಗೆ ಹಾಲೂಡಿಸುತ್ತಿದ್ದ ಗೀತಾ, ತನ್ನಮ್ಮ ಅತ್ತ ಹೋದದ್ದನ್ನು ನೋಡಿ ಮೆಲ್ಲಗೆ ಕೇಳಿದಳು: "ಚಿಗವ್ವಾ, ನಾ ಇನ್ನೊಂಚೂರು ಮೊದ್ಲ ಕೂಗಬೇಕಿತ್ತೇನು?"

ಅವತ್ತು ಹೊರಗೆ ಕೂತಿದ್ದ ನಮ್ಮಲ್ಲಿ ಒಬ್ಬರೂ ಇವತ್ತಿನವರೆಗೆ ತಮ್ಮನ್ನು ತಾವು ಏನೂ ಕೇಳಿಕೊಂಡಿಲ್ಲ.