ಪಾಚಿಯ ಜಾಲರಿ ಮತ್ತು ಜೆರೋಬಿನಾ ಹೊತ್ತ ನೀರು

ತೂತ್ತುಕುಡಿಯ ಮೀನುಗಾರರ ಓಣಿಯಲ್ಲಿ ಅವಳನ್ನು ಒತ್ತು ಶಾವಿಗೆಯ ಜೆರೋಬಿನಾ ಎಂದೇ ಕರೆಯುತ್ತಿದ್ದರು. ಚರ್ಚಿನಲ್ಲಿ ಬಲಿಪೂಜೆಯ ಗಂಟೆ ಹೊಡೆಯುವ ಮೊದಲೇ, ಮಾರುವ ಶಾವಿಗೆಗಾಗಿ ಅವಳ ಒಲೆ ಹೊತ್ತಿಕೊಂಡಿರುತ್ತಿತ್ತು. ಪೂಜೆ ಮುಗಿದ ಮೇಲೆ ತಲೆಯ ಸೆರಗನ್ನೂ ಇಳಿಸದೆ ಕಡಲಿಗೆ ಹೋಗಿ, ಒಂದು ಕೊಡ ನೀರು ತುಂಬಿಕೊಂಡು ಬರುತ್ತಿದ್ದಳು. ಆ ನೀರು ಗಂಡನ ಗಾಜಿನ ತೊಟ್ಟಿಗೆ.

ಗಸ್ಪಾರ್ ಶಂಖ ತೆಗೆಯುವ ಮುಳುಗುಗಾರನಾಗಿದ್ದ. ಗಾಳಿಯ ಕೊಳವೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕಡಲ ತಳದಲ್ಲಿ ನಡೆದಾಡಿದವನು. ಒಂದು ದಿನ ದೋಣಿಯ ಮೇಲಿನ ಯಂತ್ರ ನಿಂತು ಗಾಳಿ ಬರದಾದಾಗ ಒಂದೇ ಏಟಿಗೆ ಮೇಲೆ ಬಂದುಬಿಟ್ಟ. ಆಳದಿಂದ ಹಾಗೆ ತಟ್ಟನೆ ಎದ್ದರೆ ಕೈಕಾಲು ಬಿದ್ದುಹೋಗಬಹುದೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ದೋಣಿಗೆ ಎಳೆದು ಹಾಕಿದಾಗ ಸೊಂಟದ ಕೆಳಗೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ.

ಅದಕ್ಕೆ ಕೆಲವು ತಿಂಗಳು ಮುಂಚೆ ಅವನು ತೆಗೆದ ಶಂಖವೊಂದರ ಬೆನ್ನಿಗೆ ಕಡಲ ಹೂವೊಂದು ಅಂಟಿಕೊಂಡು ಬಂದಿತ್ತು. ಹೂವೆಂದರೆ ಹೂವಲ್ಲ, ನೂರು ಬೆರಳುಗಳ ಒಂದು ಜೀವ. ಅದನ್ನು ಮಾರಲು ಮನಸ್ಸಾಗದೆ ಶಂಖದ ಸಮೇತ ಮನೆಗೆ ತಂದು ತೊಟ್ಟಿಯಲ್ಲಿಟ್ಟಿದ್ದ. ಆಮೇಲೆ ಯಾರದೋ ಏಡಿ ಬಲೆಗೆ ಸಿಕ್ಕಿದ, ಬಿಳಿ ಪಟ್ಟೆಯ ಎರಡು ಕೇಸರಿ ಮೀನುಗಳೂ ಬಂದು ಆ ಬೆರಳುಗಳ ನಡುವೆ ಮನೆ ಮಾಡಿದವು.

ಕಾಲು ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನದಿಂದ ಗಸ್ಪಾರ್ ಯಾರೊಂದಿಗೂ ಮಾತಾಡುವುದನ್ನು ಬಿಟ್ಟ. ಹೂವಿಗೆ ಒಂದು ಚೂರು ಸೀಗಡಿ ಹಾಕಿಸಿ, ಅದು ಬೆರಳು ಮಡಚಿ ನುಂಗಿದ್ದನ್ನು ಕಂಡ ಮೇಲೆ ತಾನೂ ಎರಡು ತುತ್ತು ತಿನ್ನುತ್ತಿದ್ದ. ಅದು ಮುದುಡಿಕೊಂಡ ದಿನ ತಟ್ಟೆ ಹಾಗೇ ವಾಪಸು ಬರುತ್ತಿತ್ತು. ಇದನ್ನು ನೋಡಿ ನೋಡಿ ಜೆರೋಬಿನಾ ಚರ್ಚಿನ ಹಿಮಮಾತೆಯ ಮುಂದೆ ಅವನ ಕಾಲಿಗಾಗಿ ಬೇಡುವುದನ್ನೇ ಬಿಟ್ಟಳು. "ಆ ಹೂವನ್ನ ಉಳಿಸಮ್ಮಾ, ಅದು ಉಳಿದ್ರೆ ಇವರು ಉಳೀತಾರೆ" ಎಂದಷ್ಟೇ ಬೇಡುತ್ತಿದ್ದಳು.

ಹೂವು ಮಾತ್ರ ದಿನೇ ದಿನೇ ಕುಗ್ಗುತ್ತಿತ್ತು. ಹಳೆಯ ನೀರನ್ನು ತೆಗೆದು ಹೊಸ ಕಡಲ ನೀರು ತುಂಬಿದರೂ ಗಾಜಿಗೆ, ಕಲ್ಲಿಗೆ, ಶಂಖಕ್ಕೆ ಪಾಚಿ ಹತ್ತುತ್ತಿತ್ತು. ಆಗಸ್ಟಿನಲ್ಲಿ ಹಿಮಮಾತೆಯ ಹಬ್ಬಕ್ಕೆ ಬಂದ ಅವಳ ತಮ್ಮ ಲಾಸರ್ ಅದನ್ನು ನೋಡಿದ. ಅವನು ಮದುರೆಯ ಹೋಟೆಲೊಂದರಲ್ಲಿ ಕರೆಂಟಿನ ಕೆಲಸದವನು. ಅಲ್ಲಿ ಇಂಥದೇ ದೊಡ್ಡ ತೊಟ್ಟಿಯಿತ್ತು. ಕಸೂತಿ ಹಾಕುವ ಪ್ಲಾಸ್ಟಿಕ್ ಜಾಲರಿಯೊಂದನ್ನು ತಂದು ಗರಗಸದ ಅಲಗಿನಿಂದ ಎರಡೂ ಕಡೆ ಗೀರಿ ಗೀರಿ ಒರಟು ಮಾಡಿದ. ಉದ್ದಕ್ಕೆ ಸೀಳಿದ ಕೊಳವೆಗೆ ಅದನ್ನು ನೇತುಹಾಕಿ, ಮೋಟರಿನಿಂದ ನೀರು ಮೇಲೇರಿ ಜಾಲರಿಯ ಮೈಮೇಲೆ ತೆಳ್ಳಗೆ ಇಳಿಯುವಂತೆ ಮಾಡಿ, ಪಕ್ಕದಲ್ಲಿ ಕೆಂಪು ದೀಪ ಹಚ್ಚಿದ.

"ಇದರ ಮೇಲೆ ಪಾಚಿ ಬೆಳೆಯುತ್ತೆ, ಅಕ್ಕಾ."

"ಇರೋ ಪಾಚಿ ಸಾಲದೂಂತ ನೀನು ಬೇರೆ ಬೆಳೆಸ್ತೀಯೇನೋ?"

"ನೀರಿನ ಕೊಳೆಯೆಲ್ಲಾ ತಿಂದು ಇಲ್ಲೇ ಬೆಳೀಲಿ ಅಂತ. ಇಲ್ಲಿ ಬೆಳೆದ್ರೆ ಅಲ್ಲಿ ಬೆಳೆಯಲ್ಲ. ಶನಿವಾರ ಶನಿವಾರ ಜಾಲರಿ ತೆಗೆದು ಕೆರೆದು ಹಾಕು. ಪೂರ್ತಿ ಬೋಳಿಸಬೇಡ, ಬುಡ ಇರಲಿ."

ಪಕ್ಕದ ಮನೆಯ ಸಂದನಮೇರಿಗೆ ಇದೊಂದು ತಮಾಷೆಯಾಯಿತು. ಶನಿವಾರ ಜೆರೋಬಿನಾ ಬಾಗಿಲಲ್ಲಿ ಕೂತು ಹಳೆಯ ಬಾಚಣಿಗೆಯಿಂದ ಜಾಲರಿ ಕೆರೆಯುವಾಗ, "ಏನೇ, ಗಂಡನ ಗಡ್ಡ ಬಿಟ್ಟು ಸಮುದ್ರಕ್ಕೆ ಕ್ಷೌರ ಮಾಡ್ತಾ ಕೂತಿದ್ದೀಯಾ?" ಎನ್ನುತ್ತಿದ್ದಳು. ಕೆರೆದ ಹಸಿರನ್ನು ಸಂದನಮೇರಿಯ ಮೇಕೆಯೇ ಬಂದು ತಿನ್ನುತ್ತಿತ್ತು.

ಜಾಲರಿಗೆ ಹಸಿರು ಕೂದಲು ಬಂದಂತೆ ತೊಟ್ಟಿಯ ಗಾಜು ತಿಳಿಯಾಯಿತು. ಹೂವು ತಟ್ಟೆಯಗಲ ಅರಳಿತು. ಒಂದು ಬೆಳಿಗ್ಗೆ ಗಸ್ಪಾರ್ ತಾನಾಗಿಯೇ, "ಜೆರೋಬಿನಾ, ಇನ್ನೊಂದು ಶಾವಿಗೆ ಹಾಕೇ" ಎಂದ. ಅವಳು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತು, ಆಮೇಲೆ ಹಾಕಿದಳು.

ಜಾಲರಿಯ ಮೇಲೆ ಹಗಲೂ ರಾತ್ರಿ ಹರಿಯುವ ನೀರು ಆ ಊರಿನ ಬಿಸಿಲಿಗೆ, ಬಿಸಿ ಗಾಳಿಗೆ ಬೇಗ ಆರಿಹೋಗುತ್ತಿತ್ತು. ತೊಟ್ಟಿಯ ಮಟ್ಟ ಇಳಿದಾಗಲೆಲ್ಲ ಜೆರೋಬಿನಾ ಕಡಲಿಂದ ಒಂದು ಕೊಡ ತಂದು ಸುರಿಯುತ್ತಿದ್ದಳು. ಮೊದಲಿನಂತೆ ಹಳೆಯ ನೀರನ್ನು ತೆಗೆಯುವ ಕೆಲಸ ಈಗ ಇರಲಿಲ್ಲ, ತುಂಬುವುದಷ್ಟೇ. "ಕಡಲು ಕಡಿಮೆಯಾಗಿದೆ, ತಗೊಂಡು ಬಾರೇ" ಎಂದು ಗಸ್ಪಾರ್ ಹೇಳುವುದನ್ನು ಕೇಳಿದರೆ ಅವಳಿಗೆ ಕೊಡದ ಭಾರವೇ ತಿಳಿಯುತ್ತಿರಲಿಲ್ಲ.

ಹಿಂಗಾರು ಮಳೆ ಹತ್ತಿರ ಬರುತ್ತಿದ್ದಂತೆ ಜಾಲರಿಯ ಹಸಿರು ಮಾಸಿತು. ಆಮೇಲೆ ಬೆಳ್ಳಗಾಗಿ ಎಳೆ ಎಳೆಯಾಗಿ ಉದುರತೊಡಗಿತು. ಹೂವು ಬೆರಳುಗಳನ್ನು ಒಳಗೆಳೆದುಕೊಂಡು ಮುಷ್ಟಿಯಂತೆ ಕೂತಿತು. ಸೀಗಡಿ ಹಾಕಿದರೆ ಹಿಡಿಯಲಿಲ್ಲ. ನೀರು ಕೊಳೆಯಾಗಿರಬೇಕೆಂದು ಅವಳು ಇನ್ನೊಂದು ಕೊಡ ಹೆಚ್ಚಿಗೆ ತಂದು ಅಂಚಿನವರೆಗೂ ತುಂಬಿದಳು. ಮಾತೆಯ ಮುಂದೆ ಮೇಣದಬತ್ತಿ ಹಚ್ಚಿದಳು. ಒಂದು ಬೆಳಿಗ್ಗೆ ಮನೆಯೆಲ್ಲಾ ನಾತ. ಹೂವು ಶಂಖದಿಂದ ಕಳಚಿ ಲೋಳೆಯಾಗಿ ಬಿದ್ದಿತ್ತು. ಅದರ ವಿಷಕ್ಕೆ ಮಧ್ಯಾಹ್ನದೊಳಗೆ ಎರಡು ಮೀನುಗಳೂ ಬಗ್ಗಡವಾದ ನೀರಿನ ಮೇಲೆ ತೇಲಿದವು.

ಮಾರನೆಯ ದಿನ ಸತ್ತವರ ಹಬ್ಬ. ತಂದೆತಾಯಿಯ ಸಮಾಧಿಗೆ ಹೂ ಇಡಲು ಬಂದ ಲಾಸರ್ ತೊಟ್ಟಿಯಲ್ಲಿ ಬೆರಳದ್ದಿ ನಾಲಗೆಗೆ ಇಟ್ಟ. ತಕ್ಷಣ ಉಗಿದ. ಅಕ್ಕನನ್ನು ಒಲೆಯ ಬಳಿಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದ:

"ಯಾವ ನೀರು ತುಂಬಿಸ್ತಿದ್ದೆ ಅಕ್ಕಾ?"

"ಕಡಲಿಂದೇ ಕಣೋ. ಒಂದು ದಿನವೂ ತಪ್ಪಿಸಿಲ್ಲ."

"ಆರಿ ಹೋಗೋದು ಬರೀ ನೀರು. ಉಪ್ಪು ಅಲ್ಲೇ ಉಳಿಯುತ್ತೆ. ಅದಕ್ಕೇ ಕುಡಿಯೋ ನೀರು ಹಾಕಿ ಅಂದಿದ್ದೆ. ಈಗ ಇದು ಉಪ್ಪಿನ ಗದ್ದೆ ನೀರಾಗಿದೆ, ಪಾಚಿ ಕೂಡ ಬದುಕಿಲ್ಲ."

ಊರ ಸುತ್ತ ಉಪ್ಪಿನ ಗದ್ದೆ. ನೀರು ಆರಿ ಉಪ್ಪು ಉಳಿಯುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು.

"ಯಾರಿಗೋ ಅಂದಿದ್ದೆ? ನನಗೆ ಹೇಳಲಿಲ್ಲ."

"ಭಾವನಿಗೆ ಹೇಳಿದ್ದೆ."

ಅವಳು ಗಂಡನ ಮಂಚದ ಬಳಿ ಹೋದಳು. ಏನೂ ಕೇಳಬೇಕಾಗಲಿಲ್ಲ, ತೆಳು ಗೋಡೆ, ಅವನಿಗೆ ಎಲ್ಲವೂ ಕೇಳಿಸಿತ್ತು.

"ಹೇಳಿದ್ದ" ಎಂದ ಗಸ್ಪಾರ್. "ನನಗೇ ಮನಸ್ಸು ಒಪ್ಪಲಿಲ್ಲ. ಕಡಲಲ್ಲಿ ಹುಟ್ಟಿದ್ದಕ್ಕೆ ಕೊಳಾಯಿ ನೀರು ಹೇಗೆ ಕುಡಿಸಲಿ? ನಮ್ಮೋರು ಯಾರಾದ್ರೂ ಹಾಕ್ತಾರಾ?"

"ಹೊತ್ತು ತಂದು ಸುರಿದವಳು ನಾನಲ್ವೇನ್ರೀ."

"ನೀನು ತಂದೆ, ನಾನು ತರಿಸಿದೆ. ಬಿಡು."

ಲಾಸರ್ ಬಾಗಿಲಲ್ಲಿ ನಿಂತು, "ತೊಟ್ಟಿ ತೊಳೆದು ಹೊಸದಾಗಿ ಶುರು ಮಾಡೋಣ ಭಾವ. ಬಲೆಯವರಿಗೆ ಹೇಳಿದ್ರೆ ಇನ್ನೊಂದು ಹೂವು ಸಿಗುತ್ತೆ" ಎಂದ.

"ಅದು ನಾನು ಇಳಿದು ತಂದದ್ದು. ಇನ್ನು ಇಳಿಯೋದುಂಟಾ?" ಎಂದವನು ತೊಟ್ಟಿಯಿಂದ ಕಣ್ಣು ತೆಗೆದು, "ಆ ಮೋಟರು ನಿಲ್ಲಿಸಿ, ಈ ಮಂಚಾನ ಆ ಕಡೆ ತಿರುಗಿಸು" ಎಂದ.

"ಆ ಕಡೆ ಬರೀ ಗೋಡೆ, ಭಾವ. ಏನಿದೆ ನೋಡೋಕೆ?"

"ಏನೂ ಇಲ್ಲ. ಅದಕ್ಕೇ."

ಅಕ್ಕ ತಮ್ಮ ಸೇರಿ ಮಂಚ ತಿರುಗಿಸಿದರು. ಅವಳು ಶಾವಿಗೆಗೆ ತೆಂಗಿನ ಹಾಲು ಹಾಕಿ ತಂದಿಟ್ಟಳು. ಅವನು ಕಣ್ಣು ಬಿಟ್ಟೇ ಮಲಗಿದ್ದ, ಕೈ ಚಾಚಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕುಳಿತು ಜಪಮಾಲೆ ತೆಗೆದುಕೊಂಡಳು. ಏನು ಬೇಡಬೇಕೆಂದು ಹೊಳೆಯಲಿಲ್ಲ. ಬರೀ ಜಪವನ್ನೇ ಒಂದೊಂದು ಮಣಿಗೂ ಹೇಳುತ್ತ ಹೋದಳು. ಶಾವಿಗೆ ತಣ್ಣಗಾಗಿ ಅಂಟಿಕೊಂಡಿತು.