ಉರಿಯದೆ ಉಳಿದ ನಾಲ್ಕನೆಯ ಬಲ್ಬು

ಫೋಟೋ ಅಂಗಡಿಯವನನ್ನು ಬೀದಿಯವರೆಲ್ಲ ಮಿಂಚು ಮಾಮ ಅಂತಲೇ ಕರೆಯುತ್ತಿದ್ದರು. ಹಾಗಾಗಿ ಅವನ ಹೆಂಡತಿ ಮಿಂಚಮ್ಮ ಆದಳು. ಹೆಸರು ಮಿಂಚಿನದು, ಕೆಲಸ ಮಾತ್ರ ಕತ್ತಲೆ ಕೋಣೆಯದು. ಫಿಲ್ಮ್ ತೊಳೆದು ಹಗ್ಗಕ್ಕೆ ನೇತುಹಾಕಬೇಕು, ಅಚ್ಚಾದ ಫೋಟೋಗಳ ಅಂಚು ಕತ್ತರಿಸಬೇಕು, ಫ್ಲ್ಯಾಶ್ ಕ್ಯೂಬುಗಳಿಗೆ ಚುಕ್ಕೆ ಇಡಬೇಕು.

ಈಗಿನವರು ಆ ಕ್ಯೂಬು ಕಂಡಿರಲಿಕ್ಕಿಲ್ಲ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಚೌಕದ ಡಬ್ಬಿ, ನಾಲ್ಕು ಮಗ್ಗುಲಿಗೂ ಒಂದೊಂದು ಬಲ್ಬು. ಕ್ಯಾಮೆರಾದ ನೆತ್ತಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಎದುರಿನ ಬಲ್ಬು ಫಟ್ ಅಂತ ಉರಿದು ಅಲ್ಲಿಗೇ ಸಾಯುತ್ತಿತ್ತು. ಆಮೇಲೆ ಡಬ್ಬಿ ತಿರುಗಿ ಪಕ್ಕದ್ದು ಮುಂದೆ ಬರುತ್ತಿತ್ತು. ಒಂದೇ ಬಲ್ಬು ಉಳಿದಿದ್ದರೂ ಮಾಮ ಕ್ಯೂಬನ್ನು ಎಸೆದವನಲ್ಲ. ಉಳಿದ ಬಲ್ಬಿನ ನೇರಕ್ಕೆ ಡಬ್ಬಿಯ ತಲೆಯ ಮೇಲೆ ಮಿಂಚಮ್ಮ ಉಗುರುಬಣ್ಣದ ಕೆಂಪು ಚುಕ್ಕೆ ಇಡುವಳು, ಚುಕ್ಕೆ ಮುಂದೆ ಬರುವ ಹಾಗೆ ಅವನು ಕಣ್ಣುಮುಚ್ಚಿ ಸಿಕ್ಕಿಸುವನು.

ಒಂದು ಮಧ್ಯಾಹ್ನ ಮಾಮ ಕೆಮಿಕಲ್ ಕೈಯನ್ನು ಒಗೆದಿಟ್ಟ ದಿಂಬಿನ ಕವರಿಗೆ ಒರೆಸಿಬಿಟ್ಟ.

"ಕಣ್ಣು ಎಲ್ಲಿಟ್ಕೊಂಡಿದ್ರಿ, ನೆತ್ತಿ ಮೇಲಾ?"

"ನಿನ್ನ ಬಾಯಿ ಮುಂದೆ ನನ್ನ ಕಣ್ಣಿಗೇನು ಕೆಲಸ ಬಿಡು!"

ಅವಳಿಗೆ ಉರಿದುಹೋಯಿತು. ಮುಖ ತಿರುಗಿಸಿಕೊಂಡೇ ಒಂದು ಬಲ್ಬು ಉಳಿದಿದ್ದ ಕ್ಯೂಬಿಗೆ ಚುಕ್ಕೆ ಒತ್ತಿ ಮೇಜಿನ ಮೇಲೆ ಕುಕ್ಕಿದಳು.

ಅಷ್ಟರಲ್ಲಿ ಹಿಂದಿನ ಬೀದಿಯ ಟೈಲರ್ ಓಡಿಬಂದ. ಅವನ ಹೆಂಡತಿ ಹಾಸಿಗೆ ಹಿಡಿದು ತಿಂಗಳಾಗಿತ್ತು. "ಮಗಳಿಗೆ ಇರಲಿ, ನನ್ನದೊಂದು ಫೋಟೋ ತೆಗೆಸಿ ಅಂತಾಳೆ ಮಾರಾಯ. ಈಗಲೇ ಬಾ." ಮನೆಯಲ್ಲಿದ್ದದ್ದು ಅದೊಂದೇ ಕ್ಯೂಬು.

ಅಲ್ಲಿ ಮಾಮ ಗುಂಡಿ ಒತ್ತಿದ. ಮಿಂಚಲಿಲ್ಲ. ಎದ್ದು ಕೂತದ್ದಕ್ಕೇ ಆಕೆಗೆ ಕೆಮ್ಮು ಒತ್ತರಿಸಿಕೊಂಡು ಬಂತು. "ಮಲಗಿ ಅಕ್ಕ, ನಾಳೆ ಬರ್ತೀನಿ" ಅಂದು ಎದ್ದುಬಂದ. ಮನೆಗೆ ಬಂದು ಕ್ಯೂಬನ್ನು ತಿರುಗಿಸಿ ನೋಡಿದರೆ ಚುಕ್ಕೆಯ ಕೆಳಗೆ ಉರಿದು ಕಪ್ಪಾದ ಬಲ್ಬು. ಒಳ್ಳೆಯದು ಹಿಂದಕ್ಕೆ ಮುಖ ಮಾಡಿ ಕೂತಿತ್ತು. ಮಿಂಚಮ್ಮನೂ ನೋಡಿದಳು. ಮಾಮ ಹತ್ತಿಯಿಂದ ಚುಕ್ಕೆ ಒರೆಸಿ ಕ್ಯೂಬನ್ನು ಗೂಡಿನಲ್ಲಿಟ್ಟ. ಬೆಳಗಾಗುವುದರೊಳಗೆ ಟೈಲರ್ ಹೆಂಡತಿ ಹೋಗಿಬಿಟ್ಟಿದ್ದಳು.

ಟೈಲರ್‌ನ ಹನ್ನೊಂದು ವರ್ಷದ ಮಗಳು ದಿನಾ ಶಾಲೆ ಬಿಟ್ಟ ಮೇಲೆ ಅಂಗಡಿ ಬಾಗಿಲಿಗೆ ಬಂದು ನಿಲ್ಲುವಳು. "ಮಾಮ, ಫೋಟೋದಲ್ಲಿ ಅಮ್ಮ ಬಂದ್ಲಾ?"

ಮಾಮ ಅಚ್ಚು ಹಾಕಿ ನೋಡಿದ್ದ. ಕಾಗದದ ತುಂಬ ಬರೀ ಕತ್ತಲೆ. "ಇನ್ನೂ ಇಲ್ಲ ಪುಟ್ಟಿ" ಅಂದ, ಒಂದು ದಿನ, ಎರಡು ದಿನ. ಕಡೆಗೆ, "ನಂದೇ ತಪ್ಪು ಪುಟ್ಟಿ, ಬಲ್ಬು ತಿರುಗುಮುರುಗು ಸಿಕ್ಕಿಸಿಬಿಟ್ಟೆ" ಅಂದ. ಪರದೆಯ ಹಿಂದೆ ಮಿಂಚಮ್ಮ ತುಟಿ ಕಚ್ಚಿಕೊಂಡು ನಿಂತಿದ್ದಳು. ಅವನು ಬೈದಿದ್ದರೆ ಅವತ್ತಿಗೇ ಮುಗಿಯುತ್ತಿತ್ತು. ಆಮೇಲೆ ಮೂವತ್ತೈದು ವರ್ಷ ಬದುಕಿದ, ಒಂದು ದಿನವೂ ಆ ಮಾತು ಎತ್ತಲಿಲ್ಲ. ಗೂಡಿನಲ್ಲಿ ಕ್ಯೂಬು ಕೂತೇ ಇತ್ತು, ಮೂರು ಕಣ್ಣು ಕುರುಡು, ಒಂದು ತೆರೆದದ್ದು. ಅವಳು ಯಾವ ಮೂಲೆಯಲ್ಲಿ ನಿಂತರೂ ಆ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು.

ಮಾಮ ತೀರಿಕೊಂಡ ಮೇಲೆ ಹಳೇ ಲಕೋಟೆಗಳನ್ನು ಕೊಡವುತ್ತಿದ್ದಾಗ ಟೈಲರ್ ಹೆಂಡತಿಯ ಆ ನೆಗೆಟಿವ್ ಜಾರಿ, ಧೂಳು ಬೀಳಲೆಂದು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಿದ್ದ ಕರೀ ಕೊಡೆಯ ಮೇಲೆ ಬಿತ್ತು. ಕಿಟಕಿಯ ಓರೆ ಬಿಸಿಲು ಬಿದ್ದದ್ದೇ ತಡ, ಏನೂ ಇಲ್ಲದ ಆ ತೆಳ್ಳನೆ ಫಿಲ್ಮಿನೊಳಗಿಂದ ಒಂದು ಮುಖ ಎದ್ದಿತು. ಸತ್ತವಳ ಮುಖ! ಮಿಂಚಮ್ಮ ಫಿಲ್ಮ್ ಸಮೇತ ಕೊಡೆ ಮಡಚಿ ಅಟ್ಟಕ್ಕೆ ಎಸೆದಳು. ನಾಲ್ಕು ವರ್ಷ ಮಳೆಯಲ್ಲಿ ನೆನೆದಳೇ ಹೊರತು ಆ ಕೊಡೆ ಬಿಚ್ಚಲಿಲ್ಲ.

ಅಂಗಡಿ ಖಾಲಿ ಮಾಡುವ ಸುದ್ದಿ ಕೇಳಿ ಟೈಲರ್ ಮಗಳು ಬಂದಳು. ಐವತ್ತರ ಹೆಂಗಸು, ಈಗ ಅಪ್ಪನ ಮಿಷನ್ ಅವಳದೇ.

"ಎಲ್ಲ ಎಸೀತೀರಂತಲ್ಲ ಅತ್ತೆ. ಅದಕ್ಕೆ ಮುಂಚೆ ಒಂದ್ಸಲ ಕೇಳೋಣ ಅಂತ ಬಂದೆ." ನಗಲು ನೋಡಿದಳು. "ಅಮ್ಮ ಬಂದ್ಲಾ?"

ಮಿಂಚಮ್ಮ ಒಂದು ಕುರ್ಚಿ ಎಳೆದಳು. ಗೂಡಿನಿಂದ ಕ್ಯೂಬು ತಂದು ಅವಳ ಕೈಗಿಟ್ಟಳು.

"ಕೂತ್ಕೊ. ನಿಮ್ಮ ಮಾಮ ಸುಳ್ಳು ಹೇಳಿದ್ರು. ಒಳ್ಳೇ ಬಲ್ಬು ಯಾವ್ದು ಅಂತ ಚುಕ್ಕೆ ಇಡೋಳು ನಾನು. ಸಿಟ್ಟಲ್ಲಿ ನೋಡ್ದೇನೇ ಇಟ್ಟೆ."

"ಯಾರ ಮೇಲೆ ಸಿಟ್ಟು?"

"ಅವರ ಮೇಲೆ. ದಿಂಬಿನ ಕವರಿಗೆ ಕಲೆ ಮಾಡಿದ್ರು ಅಂತ."

"ದಿಂಬಿನ ಕವರಿಗೆ." ಅವಳು ಕ್ಯೂಬನ್ನು ತಿರುಗಿಸುತ್ತ ಕೂತಳು.

ಮಿಂಚಮ್ಮ ಅಟ್ಟದಿಂದ ಕೊಡೆ ಇಳಿಸಿ ಬಿಚ್ಚಿದಳು. ಕರೀ ಬಟ್ಟೆಯ ಮೇಲೆ ಫಿಲ್ಮಿಟ್ಟು ಬೆಳಕಿಗೆ ವಾಲಿಸಿದಳು. ಅಚ್ಚಿಗೆ ಸಿಗದಷ್ಟು ತೆಳುವಾದ ಚಿತ್ರವೂ ಹಿಂದೆ ಕಪ್ಪಿದ್ದು ಓರೆ ಬೆಳಕು ಬಿದ್ದರೆ ಕಾಣುತ್ತದೆ. ಮೊದಲು ಬೂದಿ ಬಣ್ಣ. ಆಮೇಲೆ ಹಣೆ, ಒಂದು ಕೆನ್ನೆ, ಹೊದಿಕೆಯ ಮೇಲಿನ ಕೈ. ಆಕೆ ಕ್ಯಾಮೆರಾ ನೋಡುತ್ತಿರಲಿಲ್ಲ, ಪಕ್ಕಕ್ಕೆ ನೋಡುತ್ತಿದ್ದಳು.

"ನೀನು ಆವತ್ತು ಎಲ್ಲಿ ನಿಂತಿದ್ದೆ?"

"ಬಾಗಿಲ ಹತ್ರ. ಈ ಕಡೆ."

ಮುದುಕಿಯ ಕೈಯಲ್ಲಿ ಕೊಡೆ ಅಲುಗಿತು. ಮುಖ ಮುಳುಗಿತು, ಮತ್ತೆ ತೇಲಿತು. ಮಗಳು ತಟ್ಟನೆ ಅವಳ ಮುಂಗೈ ಹಿಡಿದುಕೊಂಡಳು.

"ಅಲುಗಾಡಿಸಬೇಡಿ ಅತ್ತೆ, ಅಮ್ಮ ಹೋಗ್ಬಿಡ್ತಾಳೆ."

ದಿನವಿಡೀ ಕತ್ತರಿ ಹಿಡಿದ ಕೈ, ಕಬ್ಬಿಣದ ಹಿಡಿತ. ನೋಯುತ್ತಿತ್ತು. ಬಿಸಿಲು ಕಿಟಕಿಯಿಂದ ಸರಿಯುವವರೆಗೂ ಮಿಂಚಮ್ಮ ಬಿಡಿಸಿಕೊಳ್ಳಲಿಲ್ಲ.